ಗೆದ್ದ ಜಮೀನಿನ ಮೇಲೆ ಮತ್ತೆ ಮತ್ತೆ ಕೇಸು ಹಾಕಿದರೆ ಏನು ಮಾಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ಕೇಸು ಗೆದ್ದಾಗಿದೆ, ಅಪೀಲೂ ಮುಗಿದಿದೆ, ಆದರೂ ಎದುರಿನವರು ಹೊಸ ಕೇಸ್ ನಂಬರ್ ಮಾಡಿಸಿಕೊಂಡು ಮತ್ತೆ ಕೋರ್ಟಿಗೆ ಎಳೆಯುತ್ತಿದ್ದಾರೆ. ಹಾಗಾಗಿ ಬೇರೆ ವಿಷಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇದಕ್ಕೇ ಪೂರ್ತಿ ಜಾಗ ಕೊಟ್ಟಿದ್ದೇನೆ. ಬರೆದವರ ಹೆಸರು, ಊರು, ಸರ್ವೆ ನಂಬರ್ ಎಲ್ಲ ತೆಗೆದಿದ್ದೇನೆ.

ಪ್ರಶ್ನೆ: ನಮ್ಮ ತಂದೆಗೂ ಅವರ ದೊಡ್ಡಪ್ಪನ ಮಗನಿಗೂ ಎರಡು ಎಕರೆ ಚಿಲ್ಲರೆ ಜಮೀನಿನ ವ್ಯಾಜ್ಯ ಇತ್ತು. 2009ರಲ್ಲಿ ಸಿವಿಲ್ ಕೋರ್ಟು ಜಮೀನು ನಮ್ಮ ತಂದೆಯದ್ದೇ ಎಂದು ಘೋಷಿಸಿ, ಅವರು ಒಳಗೆ ಬರಬಾರದು ಅಂತ ಕಾಯಂ ತಡೆಯಾಜ್ಞೆಯನ್ನೂ ಕೊಟ್ಟಿತು. ಜಿಲ್ಲಾ ಕೋರ್ಟಿನಲ್ಲಿ ಅವರ ಅಪೀಲು ವಜಾ ಆಯ್ತು, ಹೈಕೋರ್ಟಿನಲ್ಲೂ ವಜಾ ಆಯ್ತು. ಆಮೇಲೆ ಇನ್ನೊಂದು ಕೇಸು ಹಾಕಿದರು, ವಾಯಿದೆಗೆ ಬರದೆ ಅದೂ ವಜಾ ಆಯ್ತು. ಈಗ ಅವರ ಮಗ ಹೊಸ ದಾವೆ ಹಾಕಿದ್ದಾನೆ. ಹಿಸ್ಸಾ ನಂಬರ್ ಬೇರೆ, ಚೆಕ್ಕುಬಂದಿ ಬೇರೆ ತೋರಿಸಿದ್ದಾನೆ. ತಂದೆ ತೀರಿಕೊಂಡಿದ್ದಾರೆ, ಸಮನ್ಸ್ ನನ್ನ ಹೆಸರಿಗೆ ಬಂದಿದೆ. ಮೂರು ಕೋರ್ಟಿನಲ್ಲಿ ಗೆದ್ದ ಮೇಲೂ ಯಾಕೆ ಹೋಗ್ತೀಯ, ಸುಮ್ನೆ ಇದ್ದುಬಿಡು ಅಂತ ಊರಿನವರು ಹೇಳ್ತಾರೆ. ಇದಕ್ಕೆ ಕೊನೆಯೇ ಇಲ್ವಾ ಸರ್?

ಉತ್ತರ: ಸುಮ್ನೆ ಇರಬೇಡಿ. ಸಮನ್ಸ್‌ನಲ್ಲಿ ಇರುವ ತಾರೀಖಿಗೆ ಹೋಗಿ, ವಕೀಲರಿಂದ ವಕಾಲತ್ತು ಹಾಕಿಸಿ. ಊರಿನವರು ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳಿರಬಹುದು, ಆದರೆ ಗೆದ್ದವರು ಗೆದ್ದದ್ದನ್ನು ಕಳೆದುಕೊಳ್ಳುವ ದಾರಿ ಇದೇ. ಹೊಸ ದಾವೆ ಕೇಳುವ ನ್ಯಾಯಾಧೀಶರಿಗೆ ನಿಮ್ಮ ಹಳೇ ತೀರ್ಪು ತಾನಾಗಿ ಗೊತ್ತಾಗುವುದಿಲ್ಲ. ಆಗ ತೀರ್ಪು ಬರೆದವರು ಯಾವಾಗಲೋ ವರ್ಗವಾಗಿ ಹೋಗಿರುತ್ತಾರೆ, ಹಳೇ ಫೈಲು ರೆಕಾರ್ಡ್ ರೂಮಿನಲ್ಲಿ ಇರುತ್ತದೆ, ಎದುರಿನವರಂತೂ ತಮ್ಮ ವಾದಪತ್ರದಲ್ಲಿ ಅದರ ಸುದ್ದಿಯನ್ನೇ ಎತ್ತಿರುವುದಿಲ್ಲ. ನೀವು ಹೋಗದಿದ್ದರೆ ನಿಮ್ಮನ್ನು ಎಕ್ಸ್‌ಪಾರ್ಟಿ (ಗೈರುಹಾಜರು) ಮಾಡಿ, ಅವರೊಬ್ಬರ ಸಾಕ್ಷಿಯ ಮೇಲೆಯೇ ಡಿಕ್ರಿ ಆಗಿಬಿಡಬಹುದು. ಅದೇ ಜನ, ಅದೇ ಜಮೀನು, ಒಂದಕ್ಕೊಂದು ತಾಳೆಯಾಗದ ಎರಡು ಡಿಕ್ರಿ ಬಂದರೆ ಸಾಮಾನ್ಯವಾಗಿ ನಿಲ್ಲುವುದು ಕೊನೆಗೆ ಬಂದದ್ದು. ಅಪ್ಪ ವರ್ಷಗಟ್ಟಲೆ ಓಡಾಡಿ ಉಳಿಸಿಕೊಂಡ ಜಮೀನು ಹಾಗೆ ಹೋಗುವುದನ್ನು ನೋಡಲು ಆಗುವುದಿಲ್ಲ. ಎಕ್ಸ್‌ಪಾರ್ಟಿ ಡಿಕ್ರಿ ತೆಗೆಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿವಿಲ್ ಕೇಸು ಹೇಗೆ ನಡೆಯಬೇಕು ಎನ್ನುವ ಕಾನೂನು; ಮುಂದೆ ಬರುವ ಆದೇಶ, ನಿಯಮಗಳೂ ಅದರವೇ) ಆದೇಶ 9ರ ನಿಯಮ 13ರಲ್ಲಿ ಅವಕಾಶ ಇದೆ, ಅವಧಿ ಬರೀ 30 ದಿನ, ಜೊತೆಗೆ ಯಾಕೆ ಬರಲಿಲ್ಲ ಎನ್ನುವುದಕ್ಕೆ ಒಪ್ಪುವಂಥ ಕಾರಣ ಬೇಕು. ಗೆದ್ದಾಗಿತ್ತು ಅದಕ್ಕೇ ಬರಲಿಲ್ಲ ಎಂಬುದನ್ನು ಕೋರ್ಟು ಕಾರಣ ಎಂದು ಒಪ್ಪುವುದಿಲ್ಲ.

ಈಗ ನಿಮ್ಮ ಕೈಯಲ್ಲಿ ಇರುವ ಬಲ ಏನು ಅಂತ ನೋಡೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 11, ಕೋರ್ಟಿನಲ್ಲಿ ಎಲ್ಲರೂ ರೆಸ್ ಜುಡಿಕೇಟಾ ಅಂತಾರಲ್ಲ, ಅದು. ಒಂದು ವಿಷಯವನ್ನು ಅಧಿಕಾರ ಇರುವ ಕೋರ್ಟು ಒಮ್ಮೆ ವಿಚಾರಣೆ ಮಾಡಿ ತೀರ್ಮಾನಿಸಿದ ಮೇಲೆ, ಅದೇ ಪಕ್ಷಗಾರರು ಅದೇ ವಿಷಯವನ್ನು ಇನ್ನೊಂದು ದಾವೆಯಲ್ಲಿ ಕೆದಕುವಂತಿಲ್ಲ. ಸೋತವರು ಮಾತ್ರವಲ್ಲ, ಅವರ ಮೂಲಕ ಹಕ್ಕು ಕೇಳುವವರೂ ಇದಕ್ಕೆ ಬದ್ಧರು. ನಿಮ್ಮ ಕೇಸಿನಲ್ಲಿ ಮಗ ಕೇಳುತ್ತಿರುವುದು ತನ್ನ ಅಪ್ಪನಿಂದ ಬಂದ ಹಕ್ಕು ತಾನೇ? ಅಪ್ಪನ ಮೇಲೆ ಆದ ತೀರ್ಪು ಹಾಗಾದರೆ ಮಗನ ಮೇಲೂ ಇದೆ. ಅಪ್ಪ ಆಗ ಹೇಳಬಹುದಾಗಿದ್ದ, ಹೇಳಬೇಕಾಗಿದ್ದ ವಾದವನ್ನು ಹೇಳದೆ ಬಿಟ್ಟಿದ್ದರೂ ಅಷ್ಟೇ, ಅದನ್ನೂ ಹೇಳಿ ಸೋತ ಹಾಗೆಯೇ ಲೆಕ್ಕ. ಇದು ಅದೇ ಸೆಕ್ಷನ್ನಿನ ನಾಲ್ಕನೇ ವಿವರಣೆಯಲ್ಲಿ ಇದೆ.

ನಡುವೆ ಹಾಜರಾಗದೆ ವಜಾ ಆದ ಕೇಸು ಇದೆಯಲ್ಲ, ಅದರ ಲೆಕ್ಕ ಬೇರೆ. ಅದರಲ್ಲಿ ವಿಚಾರಣೆಯೇ ಆಗಿಲ್ಲ, ಹಾಗಾಗಿ ಅದು ಸೆಕ್ಷನ್ 11ರ ಒಳಗೆ ಬರುವುದಿಲ್ಲ. ಆದರೆ ಪ್ರತಿವಾದಿ ಬಂದಿದ್ದು ವಾದಿ ಬರದೆ ವಜಾ ಆಗಿದ್ದರೆ, ಅದೇ ಕಾರಣ ಹಿಡಿದು ಹೊಸ ದಾವೆ ಹಾಕಲು ಆದೇಶ 9ರ ನಿಯಮ 9 ಬಿಡುವುದಿಲ್ಲ. ಅವರು ಆ ಕೇಸಿಗೇ ಮತ್ತೆ ಜೀವ ಕೊಡಿಸಿಕೊಳ್ಳಬೇಕಿತ್ತು. ಆ ಕೇಸು ವಜಾ ಆದ ಆದೇಶದ ಪ್ರತಿಯನ್ನೂ ತೆಗೆಸಿ.

ಇನ್ನು ಹಿಸ್ಸಾ ನಂಬರ್ ವಿಚಾರ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಇದು. ಜಮೀನು ಬೇರೆ ಎಂದು ತೋರಿಸಿಬಿಟ್ಟರೆ ವಿಷಯವೇ ಬೇರೆ ಆಗುತ್ತದೆ, ಹಳೇ ತೀರ್ಪು ಅಡ್ಡ ಬರುವುದಿಲ್ಲ ಎನ್ನುವ ಲೆಕ್ಕಾಚಾರ ಅವರದ್ದು. ನಿಮ್ಮ ವಕೀಲರ ಜೊತೆ ಕೂತು ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ 2009ರ ಡಿಕ್ರಿಯ ಶೆಡ್ಯೂಲ್ (ಜಮೀನಿನ ವಿವರ), ಬಲಗಡೆ ಈಗಿನ ವಾದಪತ್ರದ ಶೆಡ್ಯೂಲ್. ಸರ್ವೆ ನಂಬರ್, ಹಿಸ್ಸಾ, ಎಕರೆ ಗುಂಟೆ, ಆಮೇಲೆ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಏನು, ಉತ್ತರ, ದಕ್ಷಿಣ, ಒಂದೊಂದನ್ನೇ ಎದುರುಬದುರು ಬರೆಯಿರಿ. ಹೀಗೆ ಬರೆದಾಗ ತುಂಬಾ ಸಲ ಗುಟ್ಟು ಅಲ್ಲೇ ಬಯಲಾಗುತ್ತದೆ: ಪೂರ್ವಕ್ಕೆ ಇದ್ದ ಹಳ್ಳ ಹಾಗೇ ಇರುತ್ತದೆ, ದಕ್ಷಿಣದ ಬಂಡಿದಾರಿ ಹಾಗೇ ಇರುತ್ತದೆ, ಪಕ್ಕದ ಜಮೀನಿನವರ ಹೆಸರು ಮಾತ್ರ ಅಪ್ಪನಿಂದ ಮಗನಿಗೆ ಬದಲಾಗಿರುತ್ತದೆ, ನಡುವೆ ಪೋಡಿ (ಸರ್ವೆ ನಂಬರನ್ನು ಅಳೆದು ಭಾಗ ಮಾಡುವುದು) ಆಗಿ ಹಿಸ್ಸಾಗೆ ಹೊಸ ಅಂಕಿ ಬಿದ್ದಿರುತ್ತದೆ. ಸರ್ವೆ ಇಲಾಖೆಯಿಂದ ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಪೋಡಿ ನಕ್ಷೆ ತೆಗೆಸಿದರೆ ಹಳೇ ಹಿಸ್ಸಾ ಯಾವುದು ಹೊಸದಾಗಿ ಏನಾಯ್ತು ಅಂತ ಕಾಗದದಲ್ಲೇ ಸಿಗುತ್ತದೆ. ಅಷ್ಟಾದರೂ ಅವರು ಒಪ್ಪದಿದ್ದರೆ, ಸರ್ವೆಯರನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಿ ಅಳತೆ ಮಾಡಿಸಿ ಎಂದು ಆದೇಶ 26ರ ನಿಯಮ 9ರಲ್ಲಿ ಅರ್ಜಿ ಹಾಕಬಹುದು.

ಹೊಸ ದಾವೆಯನ್ನು ಬಾಗಿಲಲ್ಲೇ ತಡೆಯಲು ಆಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಆದೇಶ 7ರ ನಿಯಮ 11ರಲ್ಲಿ ವಾದಪತ್ರವನ್ನೇ ತಿರಸ್ಕರಿಸುವ ಅಧಿಕಾರ ಕೋರ್ಟಿಗೆ ಇದೆ. 1977ರಲ್ಲಿ ಟಿ. ಅರಿವಂದಂದಂ ವಿರುದ್ಧ ಟಿ.ವಿ. ಸತ್ಯಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನು ತುಂಬಾ ಕಟುವಾಗಿಯೇ ಹೇಳಿದ್ದಾರೆ. ಅದು ಬೆಂಗಳೂರಿನ ಮುನ್ಸಿಫ್ ಕೋರ್ಟಿನಲ್ಲಿದ್ದ ದಾವೆ, ತೆರವಿನ ಆದೇಶ ಆದ ಮೇಲೂ ಬೇರೆ ಬೇರೆ ರೂಪದಲ್ಲಿ ಕೋರ್ಟಿಗೆ ಬರುತ್ತಲೇ ಇದ್ದ ಪ್ರಕರಣ. ವಾದಪತ್ರವನ್ನು ಮೇಲೆ ಮೇಲೆ ಓದಬೇಡಿ, ಒಳಗೆ ಏನಿದೆ ಅಂತ ಓದಿ, ಜಾಣತನದ ಬರವಣಿಗೆಯಿಂದ ದಾವೆಗೆ ಕಾರಣ ಇದೆ ಎಂಬ ಭ್ರಮೆ ಹುಟ್ಟಿಸಿದ್ದರೆ ಮೊದಲ ವಿಚಾರಣೆಯಲ್ಲೇ ಪಕ್ಷಗಾರನನ್ನು ಪ್ರಶ್ನಿಸಿ ಚಿವುಟಿ ಹಾಕಿ ಎನ್ನುವುದು ಆ ತೀರ್ಪಿನ ಸಾರ. ವ್ಯಾಜ್ಯದ ಚಟ ಈ ದೇಶದ ಬಡವರನ್ನು ಹಾಳು ಮಾಡುತ್ತಿದೆ ಅಂತಲೂ ಅವರು ಅದರಲ್ಲಿ ನೊಂದು ಬರೆದಿದ್ದಾರೆ. ಇಷ್ಟು ವರ್ಷ ಆದ ಮೇಲೂ ಕೆಳಗಿನ ಕೋರ್ಟುಗಳಲ್ಲಿ ಈ ಅಧಿಕಾರ ಬಳಕೆಯಾಗಬೇಕಾದಷ್ಟು ಆಗುತ್ತಿಲ್ಲ ಎಂದೇ ನನ್ನ ಅಭಿಪ್ರಾಯ.

ಆದರೆ ಇಲ್ಲೊಂದು ತೊಡಕು ಇದೆ. ನಿಯಮ 11ರ ಅರ್ಜಿ ಕೇಳುವಾಗ ಕೋರ್ಟು ನೋಡುವುದು ವಾದಪತ್ರ ಮತ್ತು ಅದರ ಜೊತೆ ಇಟ್ಟ ದಾಖಲೆಗಳನ್ನು ಮಾತ್ರ, ನಿಮ್ಮ ಉತ್ತರವನ್ನಲ್ಲ. ಹಳೇ ಕೇಸಿನ ಸುದ್ದಿಯನ್ನೇ ಅವರು ಮುಚ್ಚಿಟ್ಟಿದ್ದರೆ ನಿಮ್ಮ ಡಿಕ್ರಿ ಆ ಹಂತದಲ್ಲಿ ಕೆಲಸಕ್ಕೆ ಬರದೇ ಹೋಗಬಹುದು. 2021ರ ಶ್ರೀಹರಿ ಹನುಮಾನದಾಸ್ ತೋತಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರೆಸ್ ಜುಡಿಕೇಟಾ ತೀರ್ಮಾನಿಸಲು ಹಿಂದಿನ ದಾವೆಯ ವಾದಪತ್ರ, ಇಶ್ಯೂಗಳು (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು), ತೀರ್ಪು ಎಲ್ಲ ನೋಡಬೇಕಾಗುತ್ತದೆ, ಹಾಗಾಗಿ ಅದು ನಿಯಮ 11ರ ವ್ಯಾಪ್ತಿಗೆ ಮೀರಿದ್ದು ಅಂತ ಹೇಳಿದೆ. ಅದಕ್ಕೆ ನನ್ನ ಸಲಹೆ, ಆ ಅರ್ಜಿ ಒಂದನ್ನೇ ನಂಬಿ ಕೂರಬೇಡಿ. 30 ದಿನದ ಒಳಗೆ, ಬಹಳ ಆದರೆ 90 ದಿನದ ಒಳಗೆ, ಲಿಖಿತ ಹೇಳಿಕೆ ಹಾಕಿ. ಹಳೇ ದಾವೆಯ ನಂಬರ್, ಕೋರ್ಟು, ತೀರ್ಪಿನ ತಾರೀಖು, ಅಪೀಲುಗಳ ನಂಬರ್ ಎಲ್ಲವನ್ನೂ ಅದರಲ್ಲಿ ಬಿಡಿಸಿ ಬರೆಸಿ. ಬರೀ ‘ಈ ದಾವೆ ರೆಸ್ ಜುಡಿಕೇಟಾದಿಂದ ಬಾಧಿತ’ ಎಂದು ಒಂದು ಸಾಲು ಬರೆದು ಬಿಡುವ ವಕೀಲರಿದ್ದಾರೆ, ಅದು ಸಾಲದು. ಹಳೇ ವಾದಪತ್ರ, ಲಿಖಿತ ಹೇಳಿಕೆ, ತೀರ್ಪು, ಡಿಕ್ರಿ ಇಷ್ಟರದ್ದೂ ಸರ್ಟಿಫೈಡ್ ಕಾಪಿ ಇಡಿ, ಜೆರಾಕ್ಸ್ ಅಲ್ಲ. ಆಮೇಲೆ ಆದೇಶ 14ರ ನಿಯಮ 2ರಲ್ಲಿ ಇದನ್ನೇ ಪ್ರಾಥಮಿಕ ಇಶ್ಯೂ ಮಾಡಿ ಮೊದಲು ತೀರ್ಮಾನಿಸಿ ಎಂದು ಕೇಳಿ. ಇದು ಸ್ವಲ್ಪ ನಿಧಾನದ ದಾರಿ. ಆದರೆ ಇಲ್ಲಿ ಗೆದ್ದರೆ ಗೆಲುವು ಗಟ್ಟಿ, ಯಾಕಂದರೆ ನಿಯಮ 11ರಲ್ಲಿ ತಿರಸ್ಕಾರ ಆದ ವಾದಪತ್ರವನ್ನು ತಿದ್ದಿಕೊಂಡು ಮತ್ತೆ ಬರಲು ಅದೇ ಆದೇಶ 7ರ ನಿಯಮ 13 ಅವಕಾಶ ಬಿಟ್ಟಿದೆ.

ಇನ್ನೂ ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ತಂದೆಗೆ ಸಿಕ್ಕ ಕಾಯಂ ತಡೆಯಾಜ್ಞೆ ಇದೆಯಲ್ಲ, ಅದು ತಂದೆಯ ಜೊತೆಗೇ ಮುಗಿಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕರ್ನಾಟಕದಿಂದಲೇ ಹೋಗಿದ್ದ ಪ್ರಭಾಕರ ಅಡಿಗ ವಿರುದ್ಧ ಗೌರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ, ಆಸ್ತಿಯ ಹಕ್ಕಿಗೆ ಸಂಬಂಧಪಟ್ಟ ಕಾಯಂ ತಡೆಯಾಜ್ಞೆಯನ್ನು ಸೋತವರ ವಾರಸುದಾರರ ಮೇಲೂ ಜಾರಿ ಮಾಡಿಸಬಹುದು ಎಂದಿದೆ. ಕಾಯಂ ತಡೆಯಾಜ್ಞೆ ಜಾರಿಗೆ ಕಾಲಮಿತಿಯೂ ಇಲ್ಲ. ಆ ಮಗ ನಾಳೆ ಜಮೀನಿಗೆ ಟ್ರ್ಯಾಕ್ಟರ್ ಇಳಿಸಿದರೆ ನೀವು ಹೊಸ ದಾವೆ ಹಾಕಬೇಕಾಗಿಲ್ಲ, ಹಳೇ ಡಿಕ್ರಿಯ ಮೇಲೆಯೇ ಎಕ್ಸಿಕ್ಯೂಶನ್ (ಜಾರಿ) ಅರ್ಜಿ ಹಾಕಿ. ಆದೇಶ 21ರ ನಿಯಮ 32ರಲ್ಲಿ ಆಸ್ತಿ ಜಪ್ತಿ ಮಾಡುವ, ಸಿವಿಲ್ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗೆ ಇದೆ. ಆದರೆ ಸ್ವಾಧೀನ ಬಿಡಿಸಿ ಕೊಡಿ ಎಂಬ ಡಿಕ್ರಿ ಇರುವವರು ಎಚ್ಚರ, ಅದಕ್ಕೆ 12 ವರ್ಷದ ಗಡುವು ಇದೆ. ಡಿಕ್ರಿ ಬಂತು ಅಂತ ಪೆಟ್ಟಿಗೆಯಲ್ಲಿಟ್ಟು, ಜಮೀನು ಎದುರಿನವರ ಕೈಯಲ್ಲೇ ಬಿಟ್ಟ ಮನೆಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಅಣ್ಣ ತಮ್ಮಂದಿರ ಪಾಲಿನ ಕೇಸು ಮುಗಿದು ಎಲ್ಲರೂ ಅವರವರ ಭಾಗದಲ್ಲಿ ಇದ್ದೇವೆ. ಈಗ ನಮ್ಮ ಅಕ್ಕ ತನಗೂ ಪಾಲು ಬೇಕು ಅಂತ ದಾವೆ ಹಾಕಿದ್ದಾಳೆ. ಮೊದಲ ಕೇಸಿನಲ್ಲಿ ಅವಳು ಇರಲಿಲ್ಲ. ಮುಗಿದ ಕೇಸನ್ನು ಹೀಗೆ ತೆಗೆಯಬಹುದಾ?

ಉತ್ತರ: ಹಿಂದಿನ ಪ್ರಶ್ನೆಗೂ ನಿಮ್ಮದಕ್ಕೂ ಬಹಳ ವ್ಯತ್ಯಾಸ ಇದೆ, ನೇರವಾಗಿ ಹೇಳುತ್ತೇನೆ. ನಿಮ್ಮ ಅಕ್ಕನನ್ನು ಪಕ್ಷಗಾರಳಾಗಿ ಮಾಡದೆ ನೀವು ಅಣ್ಣ ತಮ್ಮಂದಿರು ನಡೆಸಿದ ಪಾಲಿನ ಕೇಸು ಅವರನ್ನು ಕಟ್ಟಿಹಾಕುವುದಿಲ್ಲ. ಕುಟುಂಬಕ್ಕೂ ಹೊರಗಿನವರಿಗೂ ನಡೆದ ಕೇಸಾಗಿದ್ದು, ಕುಟುಂಬದ ಯಜಮಾನರು ಎಲ್ಲರ ಪರವಾಗಿ ಪ್ರಾಮಾಣಿಕವಾಗಿ ನಡೆಸಿದ್ದರೆ ಮನೆಯವರೆಲ್ಲ ಬದ್ಧರಾಗಬಹುದು. ಒಡಹುಟ್ಟಿದವರ ನಡುವಿನ ಪಾಲಿಗೆ ಆ ಮಾತು ಬರುವುದಿಲ್ಲ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಹುಟ್ಟಿನಿಂದ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಬಂದ ತಿದ್ದುಪಡಿ ಅದು. ಆ ದಿನ ತಂದೆ ಬದುಕಿರಬೇಕಾಗಿಲ್ಲ ಅಂತ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇತ್ಯರ್ಥ ಮಾಡಿದೆ. ಕರ್ನಾಟಕದಲ್ಲಿ 1994ರಲ್ಲೇ ಒಂದು ತಿದ್ದುಪಡಿ ಜಾರಿಗೆ ಬಂದಿತ್ತು, ಆದರೆ ಅದರಲ್ಲಿ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದರು. ಈಗ ಮದುವೆಯ ಮಾತೇ ಇಲ್ಲ.

ನಿಮಗೆ ರಕ್ಷಣೆ ಸಿಗುವುದು ಒಂದು ಕಡೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪಾಲುಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ವಿಭಾಗ ಆಗಿದ್ದರೆ ಅದನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಬಾಯಿಮಾತಿನ ಪಾಲು ಆಗಿತ್ತು ಎಂದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ, ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಬೇಕು. ನಿಮ್ಮ ಕೇಸು ಯಾವ ವರ್ಷ ಮುಗಿಯಿತು ಎಂದು ನೀವು ಬರೆದಿಲ್ಲ, ಅದನ್ನು ನೋಡಿಕೊಳ್ಳಿ. ಮುಗಿದಿದ್ದು ಪ್ರಿಲಿಮಿನರಿ ಡಿಕ್ರಿಯಾ (ಯಾರಿಗೆ ಎಷ್ಟು ಪಾಲು ಅಂತ ಹೇಳುವುದು) ಅಥವಾ ಎಫ್‌ಡಿಪಿ, ಅಂದರೆ ಅಂತಿಮ ಡಿಕ್ರಿಯ ಅರ್ಜಿ, ಹಾಕಿ ಅಂತಿಮ ಡಿಕ್ರಿ ಆಯ್ತಾ ಎನ್ನುವುದನ್ನೂ ನೋಡಿ. ಅಂತಿಮ ಡಿಕ್ರಿ ಆಗುವ ತನಕ ಪಾಲಿನ ಕೇಸು ಮುಗಿದ ಹಾಗಲ್ಲ, ನಡುವೆ ಕಾನೂನು ಬದಲಾದರೆ ಪಾಲನ್ನು ತಿದ್ದಬಹುದು ಅಂತ 2011ರ ಗಂಡೂರಿ ಕೋಟೇಶ್ವರಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಅಕ್ಕನ ಹಕ್ಕು ನಿಜವಾಗಿದ್ದರೆ ಅವರನ್ನು ಕಾಟ ಕೊಡುವವರ ಸಾಲಿಗೆ ಸೇರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕೂತು ಮಾತಾಡಿ. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದು ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಫೀಯೂ ವಾಪಸ್ ಬರುತ್ತದೆ.

ಪ್ರಶ್ನೆ: ಸಿವಿಲ್ ಕೋರ್ಟಿನಲ್ಲಿ ನಾವು ಗೆದ್ದಿದ್ದೇವೆ. ಸೋತವರು ಈಗ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೆ ಹೋಗಿ ನಮ್ಮ ಖಾತೆ ರದ್ದು ಮಾಡಿ ಎಂದು ಅಪೀಲು ಹಾಕಿದ್ದಾರೆ. ಪಹಣಿಯಲ್ಲಿ ಇನ್ನೂ ಅವರ ತಾತನ ಹೆಸರೂ ಜಂಟಿಯಾಗಿ ಬರುತ್ತಿದೆ. ಇದು ನಡೆಯುತ್ತಾ?

ಉತ್ತರ: ಪಹಣಿ, ಮ್ಯುಟೇಶನ್, ಖಾತೆ ಇವು ಯಾವುವೂ ಒಡೆತನ ಕೊಡುವ ಪತ್ರಗಳಲ್ಲ. ಕಂದಾಯ ಯಾರಿಂದ ವಸೂಲಿ ಮಾಡಬೇಕು ಎನ್ನುವುದಕ್ಕೆ ಸರ್ಕಾರ ಇಟ್ಟುಕೊಂಡ ಲೆಕ್ಕ ಅದು. ಪಹಣಿಯಲ್ಲಿ ಇರುವುದು ಸರಿ ಅಂತ ಮೊದಲಿಗೆ ಭಾವಿಸುತ್ತಾರೆ, ತಪ್ಪು ಎಂದು ತೋರಿಸುವವರೆಗೆ ಮಾತ್ರ. ಒಡೆತನದ ಜಗಳ ತೀರ್ಮಾನಿಸುವುದು ಸಿವಿಲ್ ಕೋರ್ಟಿನ ಕೆಲಸ, ತಹಶೀಲ್ದಾರರೂ ಎ.ಸಿ.ಯವರೂ ಆ ತೀರ್ಪಿನ ಪ್ರಕಾರ ದಾಖಲೆ ತಿದ್ದಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಸೆಕ್ಷನ್ 135ರಲ್ಲೇ ಇದು ಇದೆ.

ಈಗ ಒಂದು ಮಾತು ಕೇಳುತ್ತೇನೆ. ಡಿಕ್ರಿ ಬಂದ ಮೇಲೆ ನೀವು ಅದನ್ನು ತಹಶೀಲ್ದಾರರಿಗೆ ಕೊಟ್ಟು ಖಾತೆ ಬದಲಾವಣೆಗೆ ಅರ್ಜಿ ಹಾಕಿದ್ರಾ? ತಾತನ ಹೆಸರು ಇನ್ನೂ ಇದೆ ಎಂದರೆ ಪೂರ್ತಿ ಮಾಡಿಸಿಲ್ಲ ಅಂತ ಕಾಣುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಹಳೇ ಹೆಸರು ಉಳಿದಷ್ಟು ದಿನ, ಅದನ್ನು ತೋರಿಸಿ ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರಿಗೆ ಖಾತೆ) ಕೇಳುವುದು, ಯಾರಿಗೋ ಮಾರಾಟದ ಕರಾರು ಮಾಡಿಕೊಡುವುದು, ಆ ಕರಾರು ಹಿಡಿದು ಮೂರನೆಯವರು ದಾವೆ ಹಾಕುವುದು, ಹೀಗೆ ಸಾಗುತ್ತಲೇ ಇರುತ್ತದೆ. ಡಿಕ್ರಿಯ ಸರ್ಟಿಫೈಡ್ ಕಾಪಿ, ಅಪೀಲು ವಜಾ ಆದ ಆದೇಶ ಎರಡನ್ನೂ ಇಟ್ಟು ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಮ್ಯುಟೇಶನ್ ಆದ ಮೇಲೆ ಹೊಸ ಪಹಣಿ ತೆಗೆದು 9ನೇ ಕಾಲಂ ಮತ್ತು 11ನೇ ಕಾಲಂ ಎರಡನ್ನೂ ಓದಿ. ಹಳೇ ಸ್ಟೇ ಇನ್ನೂ 11ರಲ್ಲಿ ಉಳಿದಿದ್ದರೆ ಅದನ್ನೂ ತೆಗೆಸಬೇಕು.

ಎ.ಸಿ. ಅಪೀಲಿನ ವಿಷಯಕ್ಕೆ ಬಂದರೆ, ಅದೇ ಭೂಕಂದಾಯ ಕಾಯ್ದೆಯ ಸೆಕ್ಷನ್ 136ರ ಉಪಸೆಕ್ಷನ್ 2ರಲ್ಲಿ 60 ದಿನದ ಮಿತಿ ಇದೆ. ತಡವಾಗಿದ್ದರೆ ತಡವಾಗಿದೆ ಅಂತ ಮೊದಲೇ ಆಕ್ಷೇಪಣೆ ಬರೆದು ಕೊಡಿ. ಅಲ್ಲೂ ಗೈರುಹಾಜರಾಗಬೇಡಿ. ಎ.ಸಿ. ಆದೇಶ ನಿಮ್ಮ ವಿರುದ್ಧ ಬಂದರೆ ಡಿ.ಸಿ. (ಜಿಲ್ಲಾಧಿಕಾರಿ) ಮುಂದೆ ರಿವಿಷನ್ ಇದೆ.

ಪ್ರಶ್ನೆ: ನಾವು ಸೋತವರು ಸರ್. ನಮ್ಮ ಹಳೇ ವಕೀಲರು ಒಂದು ಮುಖ್ಯ ದಾಖಲೆ ಹಾಜರುಪಡಿಸಲಿಲ್ಲ. ಅದು ಈಗ ಸಿಕ್ಕಿದೆ. ಹೊಸ ದಾವೆ ಹಾಕೋಣ ಅಂತ ಈಗಿನವರು ಹೇಳ್ತಿದ್ದಾರೆ. ಹಾಕಬಹುದಾ?

ಉತ್ತರ: ನಿಮ್ಮ ಪತ್ರ ಓದಿ ಬೇಸರವಾಯ್ತು, ಯಾಕಂದರೆ ಸೋತವರೆಲ್ಲ ಕಾಟ ಕೊಡುವವರಲ್ಲ, ಕೆಲವರಿಗೆ ನಿಜಕ್ಕೂ ಅನ್ಯಾಯ ಆಗಿರುತ್ತದೆ. ಆದರೂ ಹೊಸ ದಾವೆ ಬೇಡ. ಆಗ ತೋರಿಸಬಹುದಾಗಿದ್ದ ದಾಖಲೆಯನ್ನು ಈಗ ತೋರಿಸುತ್ತೇನೆ ಎನ್ನುವುದು ಹೊಸ ದಾವೆಗೆ ಕಾರಣ ಆಗುವುದಿಲ್ಲ. ದುಡ್ಡೂ ಹೋಗುತ್ತದೆ, ವರ್ಷಗಳೂ ಹೋಗುತ್ತವೆ.

ನಿಮ್ಮ ದಾರಿ ಅದೇ ಕೇಸಿನ ಒಳಗೇ ಇದೆ. ಅಪೀಲು ಹಾಕಿಲ್ಲದಿದ್ದರೆ, ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ. ದಾಟಿದ್ದರೆ ಪ್ರತಿ ದಿನದ ತಡಕ್ಕೂ ಸರಿಯಾದ ಕಾರಣ ಹೇಳಿ ವಿಳಂಬ ಮನ್ನಾಕ್ಕೆ ಅರ್ಜಿ. ಅಪೀಲಿನಲ್ಲಿ ಹೊಸ ದಾಖಲೆ ತರಲು ಆದೇಶ 41ರ ನಿಯಮ 27 ಇದೆ. ಎಷ್ಟು ಹುಡುಕಿದರೂ ಆಗ ಸಿಗಲಿಲ್ಲ ಎಂದು ತೋರಿಸಬಲ್ಲಿರಾದರೆ, ತೀರ್ಪು ಕೊಟ್ಟ ಕೋರ್ಟಿನಲ್ಲೇ ರಿವ್ಯೂ (ತೀರ್ಪಿನ ಮರುಪರಿಶೀಲನೆ) ಕೇಳಬಹುದು. ಮನೆಯ ಬೀರುವಿನಲ್ಲೇ ಇದ್ದ ಪತ್ರಕ್ಕೆ ಇದು ಸಿಗುವುದಿಲ್ಲ.

ಬೇರೆ ದಾವೆಯನ್ನೇ ಹಾಕಬಹುದಾದ ಸಂದರ್ಭ ಒಂದಿದೆ: ಎದುರಿನವರು ಕೋರ್ಟಿಗೇ ಮೋಸ ಮಾಡಿ ಡಿಕ್ರಿ ಪಡೆದಿದ್ದರೆ. ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ವಾದಿ ತಾನೇ ಬರೆದುಕೊಟ್ಟಿದ್ದ ನೋಂದಾಯಿತ ಹಕ್ಕು ಬಿಡುಗಡೆ ಪತ್ರವನ್ನು ಮುಚ್ಚಿಟ್ಟು ಪಾಲಿನ ಡಿಕ್ರಿ ಪಡೆದಿದ್ದ. 1993ರಲ್ಲಿ ಸುಪ್ರೀಂ ಕೋರ್ಟು, ಹಾಗೆ ಪಡೆದ ಡಿಕ್ರಿ ಶೂನ್ಯ, ಅದನ್ನು ಯಾವ ಕೋರ್ಟಿನಲ್ಲಾದರೂ ಪ್ರಶ್ನಿಸಬಹುದು ಎಂದಿತು. ಆದರೆ ಮೋಸ ಎಂಬ ಪದ ಬರೆದರೆ ಸಾಲದು. ಯಾರು, ಯಾವಾಗ, ಏನನ್ನು ಮುಚ್ಚಿಟ್ಟರು ಎಂಬ ವಿವರ ವಾದಪತ್ರದಲ್ಲಿ ಇರಬೇಕು. ನಿಮ್ಮ ಪತ್ರದಲ್ಲಿ ಎದುರಿನವರ ಮೋಸದ ಮಾತಿಲ್ಲ, ನಿಮ್ಮ ವಕೀಲರ ತಪ್ಪಿನ ಮಾತಿದೆ. ಅದನ್ನು ಮೋಸ ಅಂತ ತಿರುಚಿ ಹೊಸ ದಾವೆ ಬರೆದುಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಪ್ರಶ್ನೆ: ಸುಳ್ಳು ಕೇಸು ಹಾಕಿ ಹಾಕಿ ನಮ್ಮನ್ನು ಹೈರಾಣ ಮಾಡಿದವರಿಗೆ ಶಿಕ್ಷೆ ಇಲ್ವಾ? ಖರ್ಚಾದರೂ ವಾಪಸ್ ಬರುತ್ತಾ?

ಉತ್ತರ: ಕೇಳಬಹುದು, ಆದರೆ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಸುಳ್ಳು ಮತ್ತು ಕಿರುಕುಳದ ದಾವೆಗೆ ಪರಿಹಾರ ಕೊಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಸೆಕ್ಷನ್ 35ಎ ಇದೆ, ಅದರ ಮಿತಿ 3000 ರೂಪಾಯಿ. ಇವತ್ತಿನ ದಿನಕ್ಕೆ ಇದು ಏನೇನೂ ಅಲ್ಲ, ಈ ಮಿತಿ ಬದಲಾಗಲೇಬೇಕು. ಆದರೆ ಅದೇ ಸಂಹಿತೆಯ ಸೆಕ್ಷನ್ 35ರಲ್ಲಿ ನಿಜವಾದ ಖರ್ಚು ಕೊಡಿಸಲು ದಾರಿ ಇದೆ. 2011ರ ರಾಮರಾಮೇಶ್ವರಿ ದೇವಿ ಪ್ರಕರಣದಲ್ಲಿ, ಸುಳ್ಳು ವ್ಯಾಜ್ಯ ಹೂಡಿದವರಿಗೆ ಅದರಿಂದ ಲಾಭ ಸಿಗದ ಹಾಗೆ ವಾಸ್ತವದ ಖರ್ಚು ಹಾಕಿ ಅಂತ ಸುಪ್ರೀಂ ಕೋರ್ಟು ಕೆಳಗಿನ ಕೋರ್ಟುಗಳಿಗೆ ಹೇಳಿದೆ. ನಿಮ್ಮ ವಕೀಲರ ಫೀಸಿನ ರಸೀದಿ, ನಕಲು ಶುಲ್ಕ, ಕಮಿಷನರ್ ಫೀ, ಎಲ್ಲ ಕಾಗದ ಜೋಪಾನವಾಗಿಟ್ಟು ಕೊನೆಗೆ ಖರ್ಚಿನ ಪಟ್ಟಿ ಕೊಡಿ. ಕೇಳದವರಿಗೆ ಏನೂ ಬರುವುದಿಲ್ಲ.

ಪ್ರಮಾಣಪತ್ರದಲ್ಲಿ ‘ಈ ಜಮೀನಿನ ಮೇಲೆ ಹಿಂದೆ ಯಾವ ದಾವೆಯೂ ಇರಲಿಲ್ಲ’ ಎಂದು ಸುಳ್ಳು ಬರೆದಿದ್ದರೆ ಅದು ಅಪರಾಧ. ಆದರೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡುವ ವಿಷಯ ಅಲ್ಲ ಅದು, ಅದೇ ಕೋರ್ಟಿಗೆ ಅರ್ಜಿ ಹಾಕಿ ಕ್ರಮ ಜರುಗಿಸಿ ಎಂದು ಕೇಳಬೇಕು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 340 ಇತ್ತು, 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 379 ಬಂದಿದೆ.

ಪ್ರಶ್ನೆ: ನಾನು ವಿಧವೆ. ಗಂಡ ಗೆದ್ದ ಜಮೀನಿಗೆ ಮೈದುನ ಪದೇ ಪದೇ ಸ್ಟೇ ತರುತ್ತಾನೆ. ವಕೀಲರಿಗೆ ಕೊಡಲು ದುಡ್ಡಿಲ್ಲ. ಏನು ಮಾಡಲಿ?

ಉತ್ತರ: ಅಮ್ಮ, ನಿಮ್ಮ ತಾಲ್ಲೂಕಿನ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಬಡತನದ ಸರ್ಟಿಫಿಕೇಟ್ ತನ್ನಿ ಅಂತ ಯಾರಾದರೂ ಅಂದರೆ ಈ ಮಾತು ಹೇಳಿ.

ಸ್ಟೇ ಪದೇ ಪದೇ ಬರುವುದನ್ನು ತಡೆಯಲು ಕೇವಿಯಟ್ ಹಾಕಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 148ಎ ಪ್ರಕಾರ ಒಮ್ಮೆ ಹಾಕಿದರೆ 90 ದಿನ ನಡೆಯುತ್ತದೆ. ಆ ಅವಧಿಯಲ್ಲಿ ಮೈದುನ ಸ್ಟೇ ಕೇಳಿದರೆ ಕೋರ್ಟು ನಿಮಗೆ ತಿಳಿಸಿ, ನಿಮ್ಮ ಮಾತು ಕೇಳಿಯೇ ಆದೇಶ ಮಾಡಬೇಕು. 90 ದಿನ ಮುಗಿದ ಮೇಲೆ ಮತ್ತೆ ಹಾಕಿಸಿ, ಮರೆಯಬೇಡಿ. ನಿಮ್ಮನ್ನು ಕೇಳದೆ ಈಗಾಗಲೇ ಸ್ಟೇ ಆಗಿದ್ದರೆ, ತೆರವು ಮಾಡಿ ಎಂದು ಆದೇಶ 39ರ ನಿಯಮ 4ರಲ್ಲಿ ಅರ್ಜಿ ಹಾಕಬಹುದು. ಹಳೇ ಡಿಕ್ರಿಯನ್ನು ಮುಚ್ಚಿಟ್ಟು ಸ್ಟೇ ತಂದಿದ್ದಾನೆ ಎಂಬುದೇ ಅದಕ್ಕೆ ದೊಡ್ಡ ಕಾರಣ.

ಮೊಬೈಲ್ ಬಳಸುವ ಮಕ್ಕಳಿದ್ದರೆ ಇ-ಕೋರ್ಟ್ಸ್ ಆ್ಯಪ್ ಹಾಕಿಸಿಕೊಳ್ಳಿ. ನಿಮ್ಮ ಜಿಲ್ಲೆ, ಕೋರ್ಟು ಆರಿಸಿ ಮೈದುನನ ಹೆಸರು ಹಾಕಿದರೆ ಅವನು ಹಾಕಿರುವ ದಾವೆಗಳು, ಮುಂದಿನ ತಾರೀಖು ಕಾಣುತ್ತದೆ. ಸಮನ್ಸ್ ಬರುವ ತನಕ ಕಾಯಬೇಕಾಗಿಲ್ಲ. ಹೆಸರನ್ನು ಒಂದೆರಡು ಬಗೆಯ ಸ್ಪೆಲಿಂಗ್‌ನಲ್ಲಿ ಹುಡುಕಿಸಿ, ಕೋರ್ಟಿನ ದಾಖಲೆಯಲ್ಲಿ ಇನಿಷಿಯಲ್ ಹಿಂದೆ ಮುಂದೆ ಆಗಿರುತ್ತದೆ. ಕಾನೂನು ಸೇವಾ ಕಚೇರಿಗೆ ಹೋಗುವಾಗ ಡಿಕ್ರಿ, ಗಂಡನ ಮರಣ ಪ್ರಮಾಣಪತ್ರ, ವಂಶವೃಕ್ಷ, ಈ ವರ್ಷದ ಪಹಣಿ, ಆಧಾರ್ ತೆಗೆದುಕೊಂಡು ಹೋಗಿ. ಡಿಕ್ರಿ ಕಳೆದುಹೋಗಿದ್ದರೂ ಪರವಾಗಿಲ್ಲ, ಕೇಸಿನ ನಂಬರ್ ಮತ್ತು ವರ್ಷ ಗೊತ್ತಿದ್ದರೆ ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಹಾಕಿ ತೆಗೆಸಬಹುದು.